ಕಣ್ಣಾಗ ಹೊಟ್ಟು ಬಿದ್ದರೆ ಏನು ಮಾಡಬೇಕು?





ಇವತ್ತು ಪಾಠಕ್ಕೆ ಮೊದಲು ಕಣ್ಣಿನ ಬಗ್ಗೆ ಮಾತಾಡೋಣ. ನಾನು ಡಾಕ್ಟರ್ ಅಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವಾಕಿ. ಆದರೆ ಈ ಮಾತು ಡಾಕ್ಟರ ಬಾಯಿಂದಲೇ ಬರಬೇಕು ಅಂತ ಕಾಯುತ್ತ ಕೂತರೆ ತಡವಾಗುತ್ತದೆ. ಈ ಕಾಯಿಲೆಯಲ್ಲಿ ತಡ ಮಾಡುವುದೇ ದೊಡ್ಡ ಅಪಾಯ. ಅದಕ್ಕೇ ಹೇಳುತ್ತಿದ್ದೇನೆ. ಕೇಳಿಸಿಕೊಳ್ರಿ. ಆಮೇಲೆ ನೀವೇ ಓದ್ರಿ. ಓದಿ ಮನೆಯವರಿಗೂ ಹೇಳ್ರಿ.

ನಮ್ಮ ಹೊಲ, ನಮ್ಮ ಕಣ್ಣು

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತೊಗರಿ ಬೆಳೆಯುವ ತಾಲ್ಲೂಕು. ನಮ್ಮ ಕಲಬುರಗಿ ತೊಗರಿಬೇಳೆಗೆ ದೊಡ್ಡ ಹೆಸರಿದೆ. 2019ರಲ್ಲಿ ಅದಕ್ಕೆ ಸರಕಾರದ ಭೌಗೋಳಿಕ ಗುರುತು ಸಿಕ್ಕಿತು. ಆ ಬೇಳೆಯ ಹಿಂದೆ ಯಾರ ದುಡಿಮೆ ಇದೆ? ನಿಮ್ಮದೇ ಇದೆ.

ಎಳ್ಳ ಅಮಾವಾಸ್ಯೆ ಸುತ್ತಮುತ್ತ ತೊಗರಿ ಕೊಯ್ಲು ನಡೆಯುತ್ತದೆ. ಒಣಗಿದ ತೊಗರಿ ಕಡ್ಡಿ ಮುಖಕ್ಕೆ ಹೊಡೆಯುತ್ತದೆ. ರಾಶಿ ಮಷಿನ್ ಹತ್ತಿರ ನಿಂತರೆ ಹೊಟ್ಟು ಮಳೆಯ ಹಾಗೆ ಹಾರುತ್ತದೆ. ಅದು ಮುಗಿಯಿತು ಅಂದರೆ ಜೋಳದ ಕೆಲಸ. ಜೋಳದ ಗರಿಯ ಅಂಚು ಕತ್ತಿಯಂತೆ ಹರಿತ. ಭೀಮಾ ದಂಡೆಯ ಊರುಗಳಲ್ಲಿ ಕಬ್ಬು ಇದೆ. ಕಬ್ಬಿನ ರವದಿ ಕಣ್ಣಿಗೆ ಗೀರುತ್ತದೆ. ಹತ್ತಿ ಬಿಡಿಸುವಾಗ ಒಣಗಿದ ಕಾಯಿಯ ತುದಿ ಚುಚ್ಚುತ್ತದೆ. ಮನೆಗೆ ಬಂದರೂ ಬಿಡುವಿಲ್ಲ. ಒಲೆಗೆ ತೊಗರಿ ಕಟ್ಟಿಗೆ ಮುರಿಯುವಾಗ ಚೂರು ಸಿಡಿಯುತ್ತದೆ. ಹಾಲು ಹಿಂಡುವಾಗ ಎಮ್ಮೆ ಬಾಲ ಬೀಸುತ್ತದೆ. ಬಾಲ ಕಣ್ಣಿಗೇ ಬಡಿಯುತ್ತದೆ.

ಇದೆಲ್ಲ ದಿನದ ಮಾತು. "ಕಣ್ಣಾಗ ಕಸ ಬಿದ್ದದ" ಅಂತೀವಿ. ಉಜ್ಜಿಕೊಳ್ಳುತ್ತೀವಿ. ಮತ್ತೆ ಕೆಲಸಕ್ಕೆ ಬಾಗುತ್ತೀವಿ. ಹತ್ತು ಸಲದಲ್ಲಿ ಒಂಬತ್ತು ಸಲ ಏನೂ ಆಗಲಿಕ್ಕಿಲ್ಲ. ಆ ಒಂದು ಸಲಕ್ಕಾಗಿ ಇವತ್ತಿನ ಮಾತು.

ಕಣ್ಣಿನ ಗಾಜು

ಕೈಗಡಿಯಾರ ನೋಡಿದ್ದೀರಿ. ಅದರ ಮುಳ್ಳುಗಳ ಮೇಲೆ ಒಂದು ಗಾಜು ಇರುತ್ತದೆ. ಗಾಜು ಸ್ವಚ್ಛ ಇದ್ದರೆ ಮುಳ್ಳು ಕಾಣುತ್ತದೆ. ಗಾಜು ಗೀರಿ ಮಸುಕಾದರೆ ಒಳಗಿನ ಯಂತ್ರ ಚೆನ್ನಾಗಿದ್ದರೂ ಹೊತ್ತು ಕಾಣುವುದಿಲ್ಲ.

ನಮ್ಮ ಕಣ್ಣಿನ ಕಪ್ಪು ಭಾಗದ ಮೇಲೂ ಅಂಥದೇ ಒಂದು ಪೊರೆ ಇದೆ. ಡಾಕ್ಟರು ಅದಕ್ಕೆ ಕಾರ್ನಿಯಾ ಅನ್ನುತ್ತಾರೆ. ನಾವು ಇವತ್ತು ಅದನ್ನು ಕಣ್ಣಿನ ಗಾಜು ಅನ್ನೋಣ. ಅದರ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರು. ಅಂದರೆ ನಿಮ್ಮ ನೋಟ್‌ಬುಕ್ಕಿನ ಐದಾರು ಹಾಳೆಯಷ್ಟು. ಅಷ್ಟೇ.

ಈ ಗಾಜಿನಲ್ಲಿ ರಕ್ತನಾಳ ಇಲ್ಲ. ಅದಕ್ಕೇ ಅದು ನೀರಿನಂತೆ ಸ್ವಚ್ಛ. ಬೆಳಕು ಅದರಿಂದಲೇ ಒಳಗೆ ಹೋಗುತ್ತದೆ. ಆದರೆ ರಕ್ತನಾಳ ಇಲ್ಲದ್ದರಿಂದ ಒಂದು ತೊಂದರೆಯೂ ಇದೆ. ಕೈಗೆ ಗಾಯವಾದರೆ ರಕ್ತ ಬೇಗ ಓಡಿ ಬಂದು ರೋಗದ ಜೊತೆ ಹೋರಾಡುತ್ತದೆ. ಕಣ್ಣಿನ ಗಾಜಿಗೆ ಆ ಸಹಾಯ ಬೇಗ ಸಿಗುವುದಿಲ್ಲ.

ಗಾಜಿನ ಮೇಲೆ ತೆಳುವಾದ ಒಂದು ಹೊದಿಕೆ ಇದೆ. ಅದು ಮನೆಯ ಬಾಗಿಲು ಇದ್ದ ಹಾಗೆ. ಬಾಗಿಲು ಹಾಕಿದ್ದರೆ ಕಳ್ಳ ಹೊರಗೇ ಉಳಿಯುತ್ತಾನೆ. ಕಡ್ಡಿಯೋ ಗರಿಯೋ ಗೀರಿದರೆ ಬಾಗಿಲು ತೆರೆಯುತ್ತದೆ.

ಬೂರಸು ಕಣ್ಣಿಗೂ ಹತ್ತುತ್ತದೆ

ಮಳೆಗಾಲದಲ್ಲಿ ರೊಟ್ಟಿಗೆ ಬೂರಸು ಬರುತ್ತದೆ. ಉಪ್ಪಿನಕಾಯಿಗೂ ಬರುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಶಿಲೀಂಧ್ರ ಅಂತಾರೆ. ಇದು ಮಣ್ಣಿನಲ್ಲಿ ಇದೆ. ಹೊಟ್ಟಿನಲ್ಲಿ ಇದೆ. ಕೊಳೆತ ಎಲೆಯಲ್ಲಿ, ಕಣಕಿಯಲ್ಲಿ, ಗಾಳಿಯಲ್ಲಿಯೂ ಇದೆ. ಇದರ ಬೀಜ ಬಹಳ ಸಣ್ಣದು. ಬರಿಗಣ್ಣಿಗೆ ಕಾಣುವುದಿಲ್ಲ.

ತೊಗರಿ ಕಡ್ಡಿ ಕಣ್ಣಿನ ಗಾಜಿಗೆ ಗೀರಿದಾಗ ಆ ಬೀಜವನ್ನೂ ಜೊತೆಗೆ ತರುತ್ತದೆ. ಗಾಯದಲ್ಲಿ ಬೀಜ ಬಿತ್ತಿದ ಹಾಗೆ ಆಗುತ್ತದೆ. ಅದು ಕಣ್ಣಿನ ಗಾಜಿನಲ್ಲಿ ನೂಲಿನಂಥ ಎಳೆ ಬಿಡುತ್ತದೆ. ಎಳೆ ಆಳಕ್ಕೆ ಇಳಿಯುತ್ತದೆ. ಆಗ ಕಣ್ಣಿನಲ್ಲಿ ಹುಣ್ಣು ಆಗುತ್ತದೆ. ಹುಣ್ಣು ಮಾಯ್ದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅದನ್ನೇ ನಾವು "ಕಣ್ಣಾಗ ಹೂ ಬಿದ್ದದ" ಅಂತೀವಿ.

ಇದು ನಮ್ಮ ಸೀಮೆಗೆ ಮಾತ್ರ ಬಂದ ರೋಗ ಅಲ್ಲ. 1879ರಲ್ಲಿ ಜರ್ಮನಿ ದೇಶದ ಲೇಬರ್ ಎಂಬ ಕಣ್ಣಿನ ಡಾಕ್ಟರು ಇದರ ಬಗ್ಗೆ ಮೊದಲು ಬರೆದರು. ಅವರ ರೋಗಿ ಯಾರು ಗೊತ್ತೇ? ಒಬ್ಬ ಹೊಲದ ಕೆಲಸಗಾರ. ರಾಶಿ ಮಾಡುವಾಗ ಕಾಳಿನ ಹೊಟ್ಟು ಅವನ ಕಣ್ಣಿಗೆ ಬಿದ್ದಿತ್ತು. ದೇಶ ಬೇರೆ, ಕಾಳು ಬೇರೆ, ಕಣ್ಣಿನ ಕಥೆ ಒಂದೇ. ನಮ್ಮಂಥ ಬಿಸಿಲಿನ ದೇಶದಲ್ಲಿ, ಹೊಲದಲ್ಲಿ ದುಡಿಯುವವರಲ್ಲಿ ಈ ರೋಗ ಹೆಚ್ಚು.

ಗುರುತು ಏನು?

ಈ ರೋಗ ಒಮ್ಮೆಲೇ ಬರುವುದಿಲ್ಲ. ಕಳ್ಳ ಹೆಜ್ಜೆ ಇಟ್ಟು ಬರುತ್ತದೆ. ಕಡ್ಡಿ ಬಡಿದ ದಿನ ಚುಚ್ಚಿದ ಹಾಗೆ ಆಗುತ್ತದೆ. ಎರಡು ದಿನ ಕಳೆದರೆ ಕಡಿಮೆ ಆಯಿತು ಅನ್ನಿಸಬಹುದು. ನಾಲ್ಕು ದಿನಕ್ಕೋ, ವಾರಕ್ಕೋ, ಕೆಲವರಿಗೆ ಅದಕ್ಕಿಂತ ತಡವಾಗಿಯೋ ರೋಗ ಮುಖ ತೋರಿಸುತ್ತದೆ.

ಕಣ್ಣು ಕೆಂಪಾಗುತ್ತದೆ.
ನೀರು ಸುರಿಯುತ್ತದೆ.
ನೋವು ಇರುತ್ತದೆ.
ಬಿಸಿಲು ನೋಡಲು ಆಗುವುದಿಲ್ಲ.
ಮಂಜು ಕವಿದ ಹಾಗೆ ಕಾಣುತ್ತದೆ.
ಕಪ್ಪು ಭಾಗದ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ.

ಇದರಲ್ಲಿ ಒಂದು ಗುರುತು ಕಂಡರೂ ಸುಮ್ಮನಿರಬೇಡಿ. ಬಿಳಿ ಚುಕ್ಕೆ ಕಂಡರಂತೂ ಅದೇ ದಿನ ಹೊರಡಬೇಕು.

"ಕಣ್ಣು ಬಂದದ" ಅಂತ ಬಿಡಬೇಡಿ. ಕಣ್ಣು ಬಂದಾಗ ಸಾಮಾನ್ಯವಾಗಿ ಪಿಸರು ಬರುತ್ತದೆ. ಬಹಳ ಸಲ ಎರಡೂ ಕಣ್ಣು ಕೆಂಪಾಗುತ್ತವೆ. ಮನೆಯಲ್ಲಿ ಇನ್ನೊಬ್ಬರಿಗೂ ಹತ್ತುತ್ತದೆ. ಹುಣ್ಣು ಆದಾಗ ಪೆಟ್ಟು ಬಿದ್ದ ಒಂದೇ ಕಣ್ಣು ಕೆಡುತ್ತದೆ.

ದಿನ ಹೇಗೆ ಹೋಗುತ್ತವೆ?

ಒಬ್ಬ ಹೆಣ್ಣುಮಗಳು ಅಂತ ಇಟ್ಟುಕೊಳ್ರಿ. ತೊಗರಿ ಕೊಯ್ಲಿಗೆ ಕೂಲಿ ಹೋಗಿದ್ದಾಳೆ. ಸೋಮವಾರ ಕಣ್ಣಿಗೆ ಕಡ್ಡಿ ಬಡಿಯಿತು. ಜೊತೆಗಾತಿ ಸೆರಗಿನ ತುದಿಯಿಂದ ಕಸ ತೆಗೆದಳು. ಮಂಗಳವಾರ ಕಣ್ಣು ಕೆಂಪಾಯಿತು. "ಇವತ್ತು ಹೋಗದಿದ್ದರೆ ಕೂಲಿ ಹೋಗ್ತದ" ಅಂತ ಹೊಲಕ್ಕೆ ಹೋದಳು. ಬುಧವಾರ ಅತ್ತೆ ಹರಳೆಣ್ಣೆ ಬಿಟ್ಟರು. ಗುರುವಾರ ಗಂಡ ಅಂಗಡಿಯಿಂದ ಹನಿ ತಂದ. ಕಣ್ಣು ತಂಪಾಯಿತು. ಕೆಂಪು ಇಳಿಯಿತು. ಎಲ್ಲರೂ ಸಮಾಧಾನಪಟ್ಟರು. ಮುಂದಿನ ವಾರ ಕಪ್ಪಿನ ಮೇಲೆ ಬಿಳಿ ಚುಕ್ಕೆ. "ರಾಶಿ ಮುಗಿಯಲಿ, ಹೋಗೋಣಂತ" ಅಂದರು. ರಾಶಿ ಮುಗಿಯಿತು. ಚುಕ್ಕೆ ಹೂವಾಯಿತು.

ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಅವಳ ಒಳ್ಳೆಯದನ್ನೇ ಬಯಸಿದರು. ಆದರೆ ಒಂದು ಮಾತು ಕೇಳುತ್ತೇನೆ. ಮನೆಯ ಎತ್ತಿನ ಕಣ್ಣಿನಲ್ಲಿ ನೀರು ಸುರಿದರೆ ಅದೇ ದಿನ ದನದ ಡಾಕ್ಟರನ್ನು ಕರೆಸುತ್ತೀವಿ. ಹೆಣ್ಣುಮಗಳ ಕಣ್ಣು ರಾಶಿ ಮುಗಿಯುವವರೆಗೆ ಯಾಕೆ ಕಾಯಬೇಕು? ಮೂರು ದಿನದ ಕೂಲಿ ಮತ್ತೆ ದುಡಿಯಬಹುದು. ಕಣ್ಣನ್ನು ಯಾವ ಸಂತೆಯಲ್ಲಿ ಕೊಳ್ಳೋಣ?

ಇವನ್ನು ಕಣ್ಣಿಗೆ ಹಾಕಬೇಡಿ

ನಾಲಿಗೆಯಿಂದ ಕಸ ತೆಗೆಯುವವರು ನಮ್ಮಲ್ಲಿ ಇದ್ದಾರೆ. ಬಾಯಿಯಲ್ಲಿ ಸಾವಿರಾರು ರೋಗಾಣು ಇರುತ್ತವೆ. ಅವು ಗಾಯಕ್ಕೆ ಸೇರುತ್ತವೆ. ಎದೆಹಾಲು ಬಿಡುವವರೂ ಇದ್ದಾರೆ. ಎದೆಹಾಲು ಕೂಸಿನ ಹೊಟ್ಟೆಗೆ ಅಮೃತ. ಗಾಯದ ಕಣ್ಣಿಗೆ ಮದ್ದಲ್ಲ. ಹರಳೆಣ್ಣೆ, ಜೇನು, ಸೊಪ್ಪಿನ ರಸ, ಉಳ್ಳಾಗಡ್ಡಿ ರಸ ಯಾವುದೂ ಬೇಡ. ಸೊಪ್ಪು ಹೊಲದಿಂದಲೇ ಬಂದದ್ದು. ಅದರ ಮೇಲೂ ಬೂರಸಿನ ಬೀಜ ಇರುತ್ತದೆ. ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. "ಅತ್ತೀ, ಮೊದಲು ದವಾಖಾನಿಗಿ ತೋರ್ಸಿ ಬರ್ತೀನಿ" ಅಂತ ಹೇಳಿ ಹೊರಡ್ರಿ.

ಇನ್ನೊಂದು ಅಪಾಯ ಅಂಗಡಿಯ ಹನಿ. ಕೆಲವು ಕಣ್ಣಿನ ಹನಿಗಳಲ್ಲಿ ಸ್ಟಿರಾಯ್ಡ್ ಎಂಬ ಔಷಧ ಇರುತ್ತದೆ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್ ಇವೆಲ್ಲ ಅದೇ ಜಾತಿ. ಬೇರೆ ಕೆಲವು ರೋಗಕ್ಕೆ ಇವು ಬೇಕು. ಡಾಕ್ಟರು ನೋಡಿ ಕೊಡುತ್ತಾರೆ. ಆದರೆ ಬೂರಸಿನ ಹುಣ್ಣಿಗೆ ಇವು ಬಿದ್ದರೆ ಕೆಂಪು ಇಳಿಯುತ್ತದೆ, ನೋವು ಇಳಿಯುತ್ತದೆ, ರೋಗ ಮಾತ್ರ ಒಳಗೆ ಬೆಳೆಯುತ್ತದೆ. ಯಾಕಂದರೆ ರೋಗದ ಜೊತೆ ಹೋರಾಡುವ ಮೈಯ ಶಕ್ತಿಯನ್ನೇ ಇವು ತಗ್ಗಿಸುತ್ತವೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಹಾಗೆ.

ಬಾಟಲಿಯ ಮೇಲಿನ ಹೆಸರು ಇಂಗ್ಲಿಷ್‌ನಲ್ಲಿ ಇರುತ್ತದೆ. ಪರವಾಗಿಲ್ಲ. ಈ ಮೂರು ಹೆಸರನ್ನು ಕನ್ನಡದಲ್ಲಿ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ರಿ. ಅಂಗಡಿಯವರಿಗೆ ಓದಿ ಹೇಳ್ರಿ. "ಇದರಾಗ ಇದು ಅದ ಏನ್ರಿ?" ಅಂತ ಕೇಳ್ರಿ. ಬಾಟಲಿಯ ಮೇಲೆ ತಿಂಗಳು, ವರ್ಷದ ಅಂಕಿ ಇರುತ್ತದೆ. ಅಂಕಿ ನಿಮಗೆ ಈಗ ಬರುತ್ತದೆ. ಅವಧಿ ಮುಗಿದದ್ದು ಬೇಡ. ನೆರೆಮನೆಯಾಕೆ ಬಳಸಿ ಉಳಿಸಿದ ಹನಿಯೂ ಬೇಡ.

ಹಾಗಾದರೆ ಏನು ಮಾಡಬೇಕು?

ಕಣ್ಣು ಉಜ್ಜಬೇಡಿ. ಉಜ್ಜಿದರೆ ಗೀರು ದೊಡ್ಡದಾಗುತ್ತದೆ.

ಮೊದಲು ಕೈ ತೊಳೆಯಿರಿ. ಆಮೇಲೆ ಕುಡಿಯುವ ಸ್ವಚ್ಛ ನೀರಿನಿಂದ ಕಣ್ಣು ತೊಳೆಯಿರಿ. ಕೆರೆ ನೀರು, ಕಾಲುವೆ ನೀರು ಬೇಡ. ಕಸ ನೀರಿನ ಜೊತೆ ಹೋದರೆ ಒಳ್ಳೆಯದು. ಚುಚ್ಚಿ ಕೂತಿದ್ದರೆ ಕೀಳಬೇಡಿ. ಸೂಜಿ, ಕಡ್ಡಿ, ಸೆರಗು ಹಚ್ಚಬೇಡಿ. ಅರಿವೆ ಬಿಗಿದು ಕಟ್ಟಬೇಡಿ.

ಸುಣ್ಣ ಅಥವಾ ಹೊಲಕ್ಕೆ ಹೊಡೆಯುವ ಎಣ್ಣೆ ಬಿದ್ದರೆ ಮಾತ್ರ ಬೇರೆ. ಆಗ ಸಿಕ್ಕಿದ ನೀರಿನಿಂದ ತಕ್ಷಣ ತೊಳೆಯಲು ಸುರು ಮಾಡಬೇಕು. ಕಾಲು ಗಂಟೆ, ಅರ್ಧ ಗಂಟೆ ಬಿಡದೆ ತೊಳೆಯಬೇಕು. ಆಮೇಲೆ ನೇರ ಆಸ್ಪತ್ರೆಗೆ.

ತೊಳೆದ ಮೇಲೂ ಚುಚ್ಚುತ್ತಿದ್ದರೆ, ನೀರು ನಿಲ್ಲದಿದ್ದರೆ, ಅದೇ ದಿನ ತೋರಿಸಬೇಕು. ಯಾಕೆ ಅದೇ ದಿನ? ಇದಕ್ಕೆ ಒಂದು ಲೆಕ್ಕ ಇದೆ. ಲೆಕ್ಕ ಕಲಿತ ನಿಮಗೆ ಇದು ತಿಳಿಯುತ್ತದೆ.

ನೇಪಾಳ ದೇಶದಲ್ಲಿ ಭಕ್ತಪುರ ಅಂತ ಜಿಲ್ಲೆ ಇದೆ. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೀರು ಗುರುತಿಸುವುದನ್ನು ಕಲಿಸಿದರು. ಗೀರು ಕಂಡವರಿಗೆ ಮೂರು ದಿನ ಮುಲಾಮು ಹಾಕಿದರು. ಇದರ ಫಲವನ್ನು 2001ರಲ್ಲಿ ಪ್ರಕಟಿಸಿದರು. ಒಟ್ಟು 442 ಜನರಿಗೆ ಗೀರು ಆಗಿತ್ತು.

18 ಗಂಟೆಯೊಳಗೆ ಮದ್ದು ಸಿಕ್ಕವರು 284 ಜನ. ಅವರಲ್ಲಿ ಒಬ್ಬರಿಗೂ ಹುಣ್ಣು ಆಗಲಿಲ್ಲ.
18ರಿಂದ 24 ಗಂಟೆಯೊಳಗೆ ಬಂದವರು 109 ಜನ. ಅವರಲ್ಲಿ 4 ಜನರಿಗೆ ಹುಣ್ಣಾಯಿತು.
24ರಿಂದ 48 ಗಂಟೆಯೊಳಗೆ ಬಂದವರು 49 ಜನ. ಅವರಲ್ಲಿ 14 ಜನರಿಗೆ ಹುಣ್ಣಾಯಿತು.

ನೋಡಿದ್ರಾ? ಮುಲಾಮು ಒಂದೇ. ಬೇರೆಯಾದದ್ದು ಹೊತ್ತು. ಒಂದು ದಿನ ಮುಂದೆ ಹಾಕಿದ್ದಕ್ಕೆ ಎಷ್ಟು ವ್ಯತ್ಯಾಸ! ಆದರೆ ಆ ಮುಲಾಮನ್ನು ನೀವೇ ಕೊಂಡು ಹಚ್ಚಿಕೊಳ್ಳಬೇಡಿ. ಗೀರು ಇದೆಯೋ, ಹುಣ್ಣು ಆಗಿದೆಯೋ ಅಂತ ಗೊತ್ತಿದ್ದವರು ನೋಡಿ ಹೇಳಬೇಕು.

ಎಲ್ಲಿ ತೋರಿಸಬೇಕು?

ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ತಾಲ್ಲೂಕು ಆಸ್ಪತ್ರೆ ಇವೆ. ಹುಣ್ಣಿನ ಸಂಶಯ ಇದ್ದರೆ ಕಣ್ಣಿನ ಡಾಕ್ಟರೇ ನೋಡಬೇಕು. ಕಲಬುರಗಿಯಲ್ಲಿ ಸರಕಾರದ ಜಿಮ್ಸ್ ಆಸ್ಪತ್ರೆ ಇದೆ. ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿ ಸುಮಾರು 40 ಕಿಲೋಮೀಟರು. ಅಫಜಲಪುರದಿಂದ ಇನ್ನಷ್ಟು ದೂರ.

"ಬಸ್ಸಿಗೆ ರೊಕ್ಕ ಇಲ್ಲ" ಅನ್ನುವ ಮಾತು ಈಗ ಬೇಡ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರದ ಸಾದಾ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೆಟ್ಟಿನ ಹಣ ಇಲ್ಲ. ಆಧಾರ್ ಕಾರ್ಡು ಜೊತೆಗೆ ಇರಲಿ. ಒಬ್ಬರೇ ಹೋಗಲು ಅಂಜಿಕೆ ಆದರೆ ಗೆಳತಿಯನ್ನು ಕರಕೊಳ್ರಿ. ಅವರಿಗೂ ಟಿಕೆಟ್ಟಿನ ಹಣ ಇಲ್ಲ. ಬಸ್ಸಿನ ಬೋರ್ಡು ಓದಲು ನಿಮಗೆ ಈಗ ಬರುತ್ತದೆ. ಯಾರನ್ನೂ ಕೇಳಬೇಕಿಲ್ಲ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಡಾಕ್ಟರು ಕೇಳುತ್ತಾರೆ: ಏನು ಬಡಿಯಿತು? ಯಾವಾಗ ಬಡಿಯಿತು? ಏನು ಹಾಕಿದಿರಿ? ನಾಚಿಕೆ ಬಿಟ್ಟು ನಿಜ ಹೇಳಬೇಕು. ಎಣ್ಣೆ ಹಾಕಿದ್ದರೆ ಎಣ್ಣೆ ಅನ್ನಿ. ಹನಿ ಹಾಕಿದ್ದರೆ ಆ ಬಾಟಲಿಯನ್ನೇ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ.

ಕಣ್ಣಿಗೆ ಮರಗಟ್ಟುವ ಹನಿ ಹಾಕುತ್ತಾರೆ. ಆಮೇಲೆ ಹುಣ್ಣಿನಿಂದ ಸ್ವಲ್ಪ ಕೆರೆದು ತೆಗೆಯುತ್ತಾರೆ. ಹೆದರಬೇಡಿ. ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೂರಸು ಇದ್ದರೆ ಎಳೆ ಎಳೆಯಾಗಿ ಕಾಣುತ್ತದೆ. ಈ ಪರೀಕ್ಷೆ ಬೇಕೇ ಬೇಕು. ಬ್ಯಾಕ್ಟೀರಿಯಾ ಎಂಬ ರೋಗಾಣುವಿಗೆ ಒಂದು ಮದ್ದು. ಬೂರಸಿಗೆ ಬೇರೆ ಮದ್ದು. ಕೀಲಿ ಬದಲಾದರೆ ಬೀಗ ತೆರೆಯುವುದಿಲ್ಲ.

ಬೂರಸಿನ ಹುಣ್ಣಿಗೆ ಹೆಚ್ಚಾಗಿ ಕೊಡುವ ಹನಿಯ ಹೆಸರು ನಾಟಾಮೈಸಿನ್. ಅದು ಹಾಲಿನಂತೆ ಬೆಳ್ಳಗೆ ಇರುತ್ತದೆ. ಪ್ರತಿ ಸಲ ಬಾಟಲಿ ಅಲುಗಾಡಿಸಿ ಹಾಕಬೇಕು. ತಮಿಳುನಾಡಿನ ಮದುರೆ ಕಡೆಯ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡು ಹನಿಗಳನ್ನು ಹೋಲಿಸಿ ನೋಡಿದರು. ಫಲ 2013ರಲ್ಲಿ ಹೊರಬಂತು. ಈ ನಾಟಾಮೈಸಿನ್ ಹನಿಯೇ ಮೇಲಾಯಿತು.

ಆದರೆ ಇದು ದಿನಕ್ಕೆ ಎರಡು ಸಲ ಹಾಕುವ ಹನಿ ಅಲ್ಲ. ಆ ರೋಗಿಗಳಿಗೆ ಮೊದಲ ವಾರ ಎಚ್ಚರ ಇದ್ದಷ್ಟು ಹೊತ್ತು ಗಂಟೆಗೊಮ್ಮೆ ಹಾಕಿದರು. ಆಮೇಲೆ ಎರಡು ಗಂಟೆಗೊಮ್ಮೆ. ಹೀಗೆ ಮೂರು ವಾರ. ನಿಮಗೆ ಎಷ್ಟು ಸಲ ಅಂತ ನಿಮ್ಮ ಡಾಕ್ಟರು ಹೇಳುತ್ತಾರೆ. ಹೇಳಿದಷ್ಟು ಹಾಕಬೇಕು. ನೋವು ಹೋಯಿತು ಅಂತ ಬಿಡಬಾರದು. ಬೂರಸು ನಿಧಾನ ಸಾಯುತ್ತದೆ. ಕೆಲವು ಸಲ ತಿಂಗಳ ಮೇಲೂ ಬೇಕಾಗುತ್ತದೆ.

ಇಲ್ಲಿ ನಿಮ್ಮ ಅಕ್ಷರ ಕೆಲಸಕ್ಕೆ ಬರುತ್ತದೆ. ಒಂದು ಹಾಳೆಯಲ್ಲಿ ಗಂಟೆ ಬರೆಯಿರಿ. 6, 7, 8, 9 ಅಂತ ರಾತ್ರಿವರೆಗೆ. ಹಾಳೆಯನ್ನು ಗೋಡೆಗೆ ಅಂಟಿಸಿ. ಹನಿ ಹಾಕಿದಾಗೊಮ್ಮೆ ಒಂದು ಗೀಟು ಹಾಕಿ. ಮುಂದಿನ ಸಲ ಡಾಕ್ಟರಿಗೆ ಹಾಳೆ ತೋರಿಸಿ. ಈ ದಿನಗಳಲ್ಲಿ ಹೊಲದ ಕೆಲಸ, ಒಲೆಯ ಹೊಗೆ ಬೇಡ. ಮನೆಯವರು ಅಡುಗೆ ಹಂಚಿಕೊಳ್ಳಬೇಕು. ಬಾಣಂತಿಗೆ ಬಿಡುವು ಕೊಡುವುದಿಲ್ಲವೇ? ಇದೂ ಹಾಗೆಯೇ.

ಹೂವು ಬಿದ್ದ ಮೇಲೆ

ಮದ್ದು ಹಾಕಿದರೂ ಕೆಲವರ ಹುಣ್ಣು ಕೇಳುವುದಿಲ್ಲ. ಕೆಲವರು ಬರುವಾಗಲೇ ತಡವಾಗಿರುತ್ತದೆ. ಆಗ ಕಣ್ಣಿನ ಗಾಜನ್ನೇ ಬದಲಿಸಬೇಕಾಗುತ್ತದೆ. ಹುಣ್ಣು ಮಾಯ್ದು ಹೂವು ಉಳಿದವರಲ್ಲಿಯೂ ಕೆಲವರಿಗೆ ಇದರಿಂದ ದೃಷ್ಟಿ ಬರುತ್ತದೆ.

ಇಂಥ ಶಸ್ತ್ರಚಿಕಿತ್ಸೆ ಮನುಷ್ಯರಲ್ಲಿ ಮೊದಲು ಗೆದ್ದದ್ದು 1905ರ ಡಿಸೆಂಬರ್ 7ರಂದು. ಯುರೋಪಿನಲ್ಲಿ ಜಿರ್ಮ್ ಎಂಬ ಡಾಕ್ಟರು ಮಾಡಿದರು. ರೋಗಿ ಒಬ್ಬ ಕೂಲಿಕಾರ. ಸುಣ್ಣ ಬಿದ್ದು ಅವನ ಕಣ್ಣು ಹೋಗಿದ್ದವು. ಒಂದು ಕಣ್ಣಿಗೆ ದೃಷ್ಟಿ ಬಂತು. ಅವನು ಮತ್ತೆ ದುಡಿದ.

ಈ ಗಾಜು ಕಾರ್ಖಾನೆಯಲ್ಲಿ ಸಿಗುವುದಿಲ್ಲ. ಸತ್ತವರ ಕಣ್ಣಿನಿಂದಲೇ ಬರಬೇಕು. ನಮ್ಮ ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣು ದಾನವಾದವು. ಅವರ ಮಗ ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಸತ್ತ ಮೇಲೆ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಮುಖ ವಿಕಾರ ಆಗುವುದಿಲ್ಲ. ಕನ್ನಡಕ ಹಾಕುವವರೂ, ಪೊರೆಯ ಆಪರೇಷನ್ ಆದವರೂ ಕೊಡಬಹುದು. ಮನೆಯಲ್ಲಿ ಈ ಮಾತು ಆಡಿಟ್ಟುಕೊಳ್ರಿ.

ಆದರೆ ಬದಲಿಸಿದ ಗಾಜು ಎಲ್ಲರಿಗೂ ಹೊಂದುವುದಿಲ್ಲ. ಬೂರಸು ತುಂಬಿದ ಕಣ್ಣಿಗೆ ಹಾಕಿದ್ದು ಕೆಡುವುದೂ ಉಂಟು. ದೇವರು ಕೊಟ್ಟ ಗಾಜನ್ನು ಉಳಿಸಿಕೊಳ್ಳುವುದೇ ಲೇಸು.

ಮೊದಲೇ ಕಾಪಾಡಿಕೊಳ್ಳೋಣ

ತೂರುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ರಾಶಿ ಮಷಿನ್ ಹೊಟ್ಟು ಉಗುಳುವ ಕಡೆ ನಿಲ್ಲಬೇಡಿ. ಕೂಸುಗಳನ್ನು ಅಲ್ಲಿ ಮಲಗಿಸಬೇಡಿ. ಕೊಯ್ಲಿಗೆ, ಕಬ್ಬಿಗೆ, ರಾಶಿಗೆ ಹೋಗುವಾಗ ಕಣ್ಣಿಗೆ ಸಾದಾ ಕನ್ನಡಕ ಹಾಕಿ. ಮೋಟಾರ್ ಸೈಕಲ್ಲಿನವರು ಹಾಕುವಂಥದು ಸಾಕು. ಮೊದಲ ದಿನ ಜನ ನಗಬಹುದು. "ಏನವ್ವಾ, ಸಿನಿಮಾದಾಕಿ ಆದೇನು?" ಅನ್ನಬಹುದು. ನಗಲಿ. ಸಂಘದ ಹೆಣ್ಣುಮಕ್ಕಳು ಎಲ್ಲರೂ ಒಟ್ಟಿಗೆ ಹಾಕಿಕೊಂಡು ಹೋದರೆ ಯಾರು ನಗುತ್ತಾರೆ? ಕೂಲಿ ಮಾತಾಡುವಾಗಲೇ ಹೊಲದ ಧಣಿಗೆ ಇದನ್ನೂ ಕೇಳ್ರಿ. ಕುಡಗೋಲು ಕೇಳಿದ ಹಾಗೆ ಕನ್ನಡಕವನ್ನೂ ಕೇಳಬಹುದು.

ನೆನಪಿಡಿ

1. ಕಣ್ಣಿಗೆ ಕಡ್ಡಿ, ಗರಿ, ಹೊಟ್ಟು ಬಡಿದರೆ ಉಜ್ಜಬೇಡಿ. ಸ್ವಚ್ಛ ನೀರಿನಿಂದ ತೊಳೆಯಿರಿ.
2. ಚುಚ್ಚುವುದು ನಿಲ್ಲದಿದ್ದರೆ ಅದೇ ದಿನ ತೋರಿಸಿ.
3. ಎಣ್ಣೆ, ಎದೆಹಾಲು, ರಸ, ನಾಲಿಗೆ ಬೇಡ.
4. ಡಾಕ್ಟರು ಬರೆಯದ ಹನಿ ಬೇಡ.
5. ಬಿಳಿ ಚುಕ್ಕೆ ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.
6. ಹನಿಯನ್ನು ಹೇಳಿದಷ್ಟು ದಿನ, ಹೇಳಿದಷ್ಟು ಸಲ ಹಾಕಿ.

ಈಗ ನೋಟ್‌ಬುಕ್ ತೆಗೆಯಿರಿ. ಮೊದಲ ಸಾಲಿನಲ್ಲಿ ಬರೆಯಿರಿ: "ನನ್ನ ಕಣ್ಣು ರಾಶಿಗಾಗಿ ಕಾಯುವುದಿಲ್ಲ." ಎರಡನೆಯ ಸಾಲಿನಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹೆಸರು, ಫೋನ್ ನಂಬರು ಬರೆಯಿರಿ. ಬರೆದ ಮೇಲೆ ಒಬ್ಬೊಬ್ಬರೇ ಗಟ್ಟಿಯಾಗಿ ಓದ್ರಿ.